ರಾಮದುರ್ಗಕ್ಕೆ ಹೋದ ಡಬ್ಬಿ ಒಲೆ

ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಹೊಟ್ಟಿನ ಚೀಲದ ಮೇಲೆ ಕುಳಿತು ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದೆ. ಹೊಟ್ಟೆಂದರೆ ಕಟ್ಟಿಗೆ ಅಡ್ಡೆಯಲ್ಲಿ ಗರಗಸದ ಕೆಳಗೆ ಉದುರುವ ಪುಡಿ. ನಮ್ಮೂರಲ್ಲಿ ಅದನ್ನು ಕೇಳುವವರಿಲ್ಲ. ಅಡ್ಡೆಯವನು ದುಡ್ಡು ತೆಗೆದುಕೊಳ್ಳುವುದಿರಲಿ, "ಒಯ್ಯರಿ ಬಾಯಾರ, ಜಾಗಾ ಖಾಲಿ ಆದ್ರ ಸಾಕಾಗೇತಿ" ಎಂದು ತಾನೇ ಚೀಲ ತುಂಬಿ ಬಾಯಿ ಹೊಲಿದು ಕೊಟ್ಟಿದ್ದ. ತೊಂಬತ್ತರ ದಶಕದ ಕೊನೆಯ ಒಂದು ಜನವರಿ ಅದು. ಸಂಕ್ರಾಂತಿ ಮುಗಿದಿತ್ತು, ಚಳಿ ಮುಗಿದಿರಲಿಲ್ಲ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತು, ಬಸ್ಸು ಬರಲು ತಾಸು ಹೊತ್ತಾಯಿತು.

ಕಂಡಕ್ಟರ್ ಚೀಲವನ್ನು ಕಾಲಿನಿಂದ ಮುಟ್ಟಿ ನೋಡಿದ. "ಹಿಟ್ಟೇನ್ರಿ ಇದು?"

"ಅಲ್ಲಪಾ, ಕಟಗಿ ಹೊಟ್ಟು."

"ಚಿನ್ನಾ ಒಯ್ಯಾವ್ರನ್ನ ನೋಡೇನಿ, ಕ್ವಾಣ ಒಯ್ತೇನಿ ಅಂದಾವ್ರನ್ನೂ ನೋಡೇನಿ. ಹೊಟ್ಟು ಒಯ್ಯಾವ್ರು ನೀವ ಮೊದಲನೇದವ್ರು," ಎಂದು ಚೀಲಕ್ಕೂ ಒಂದು ಟಿಕೀಟು ಹರಿದ. ನಾನು ಜಗಳ ಮಾಡಲಿಲ್ಲ. ಹೊಲಿಗೆ ಕಲಿಸುವ ಮಾಸ್ತರಬಾಯಿ ನಾನು. ದಿನಾ ಇಪ್ಪತ್ತು ಹುಡುಗಿಯರ ಜೊತೆ ಜಗಳವಾಡುವವಳಿಗೆ ರಜೆಯ ದಿನವಾದರೂ ಬಾಯಿಗೆ ವಿಶ್ರಾಂತಿ ಬೇಕು.

ಪ್ರಯಾಣದ ಕಾರಣ ಇಷ್ಟು. ನನಗೆ ಮಕ್ಕಳಿಲ್ಲ. ಅಕ್ಕ ಗೌರವ್ವನ ಮಗಳು ಸುಮಿತ್ರಾಳೇ ನನಗೂ ಮಗಳು. ಅವಳನ್ನು ರಾಮದುರ್ಗದ ನೇಕಾರರ ಮನೆಗೆ ಕೊಟ್ಟಿದ್ದೇವೆ. ಆರು ತಿಂಗಳ ಹೆಣ್ಣುಕೂಸು. ಹೋದ ವಾರ ಅವಳು ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಕಿರಾಣಿ ಅಂಗಡಿಗೆ ಫೋನು ಮಾಡಿದಳು. "ಚಿಗವ್ವಾ, ಕೂಸಿಗೆ ಕೆಮ್ಮು ಬಿಡವಲ್ಲದು. ಹೊಗಿ ತಪ್ಪಸ್ರಿ ಅಂತ ಡಾಕ್ಟರು ಎರಡ ಸಲಾ ಹೇಳಿದ್ರು. ಅತ್ತಿ ದಿನಾ ಪ್ಲಾಸ್ಟಿಕ್ ಚೀಲಾ ಹಚ್ಚಿ ನೀರ ಕಾಸ್ತಾರ. ಅದ ಹೊಗ್ಯಾಗ ಕುಂತ ಕೂಸಿಗೆ ನೀರ ಎರಿತಾರ. ನಾ ಹೇಳಾಕ ಆಗೂದಿಲ್ಲ ಚಿಗವ್ವಾ."

ಕ್ಯಾರಿಬ್ಯಾಗು ನಮ್ಮ ಕಡೆಗೆ ಬಂದು ಬಹಳ ವರ್ಷವಾಗಿರಲಿಲ್ಲ. ಬಂದ ಹೊಸದರಲ್ಲಿ ಅದನ್ನು ತೊಳೆದು, ಒಣಗಿಸಿ, ಮಡಿಚಿ ಹಾಸಿಗೆಯ ಕೆಳಗೆ ಇಟ್ಟವರು ನಾವೇ. ಆಮೇಲೆ ಇಡಲು ಜಾಗ ಸಾಲದಾಯಿತು. ಆಗ ಯಾವ ಪುಣ್ಯಾತ್ಗಿತ್ತಿ ಕಂಡುಹಿಡಿದಳೋ, ಹಂಡೆಯ ಕೆಳಗೆ ಇಟ್ಟು ಕಡ್ಡಿ ಗೀರಿದರೆ ಸೀಮೆಎಣ್ಣೆ ಇಲ್ಲದೆ ಭಗ್ಗೆಂದು ಹತ್ತುತ್ತದೆ ಎಂಬ ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಕಸವೂ ಹೋಯಿತು, ನೀರೂ ಕಾಯಿತು. ಹೆಂಗಸರು ಇದನ್ನು ಹೊಸ ಉಪ್ಪಿನಕಾಯಿಯ ರುಚಿಯಂತೆ ಒಬ್ಬರಿಗೊಬ್ಬರು ಹೇಳಿಕೊಂಡರು. ಬಚ್ಚಲಿನಲ್ಲಿ ಕಟುವಾಸನೆಯ ಕರಿ ಹೊಗೆ ತುಂಬಿದರೆ ಬಾಗಿಲು ತೆರೆದರಾಯಿತು ಎಂದುಕೊಂಡರು.

ಅಕ್ಕನಿಗೆ ಸುದ್ದಿ ತಿಳಿದ ದಿನವೇ ಅವಳು ದೊಡವಾಡದ ತನ್ನ ಮನೆಯ ನಡುಕೋಣೆ ಸಾರಿಸಿ ಸುಣ್ಣ ಬಳಿದಿದ್ದಳು. ಬೀಗತಿ ಆ ಹೊಗೆ ನಿಲ್ಲಿಸದಿದ್ದರೆ ಮಗಳನ್ನೂ ಕೂಸನ್ನೂ ಕರೆದುಕೊಂಡೇ ಬರುವುದೆಂದು ಅವಳ ತೀರ್ಮಾನ. ಸುಮಿಗೆ ಅದು ಬೇಡವಾಗಿತ್ತು. ಗಂಡನ ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿ ಕೊಡುವವಳು ಅವಳೇ. "ನಾ ಬಂದ್ರ ಇಲ್ಲಿ ಮಗ್ಗಾ ನಿಂತಂಗ," ಎಂದು ಮತ್ತೊಮ್ಮೆ ಫೋನು ಮಾಡಿದಾಗ ಅತ್ತಿದ್ದಳು. ಒಮ್ಮೆ ಸಿಟ್ಟಿನಿಂದ ತವರಿಗೆ ಕರೆದೊಯ್ದ ಮಗಳನ್ನು ಮತ್ತೆ ಕಳಿಸುವುದು ಎಷ್ಟು ಕಷ್ಟವೆಂದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಹಾಗೆಂದು ಬೀಗತಿಗೆ ನೇರ ಹೇಳುವಂತೆಯೂ ಇಲ್ಲ. ಹೆಣ್ಣು ಕೊಟ್ಟವರು ಬೀಗರ ಮನೆಗೆ ಬುತ್ತಿ ಒಯ್ಯಬಹುದು, ಬುದ್ಧಿ ಒಯ್ಯುವಂತಿಲ್ಲ.

ಅದಕ್ಕೇ ನಾನು ಒಲೆಯ ಉಪಾಯ ತೆಗೆದೆ. ನಮ್ಮ ಓಣಿಯ ಚಹಾದಂಗಡಿಯಲ್ಲಿ ಹೊಟ್ಟಿನ ಒಲೆ ಇತ್ತು. ಹೊಗೆಯಿಲ್ಲದೆ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಉರಿಯುತ್ತಿತ್ತು. ಅಂಥದೊಂದನ್ನು ಕೂಸಿನ ಜಳಕಕ್ಕೆ ತವರುಮನೆಯ ಕಾಣಿಕೆ ಎಂದು ಒಯ್ದರೆ ಯಾರೂ ಬೇಡವೆನ್ನುವಂತಿಲ್ಲ.

ಬೈಲಹೊಂಗಲದಲ್ಲಿ ಅಕ್ಕ ನನಗಿಂತ ಮೊದಲೇ ಬಂದು ನಿಂತಿದ್ದಳು. ಕೈಯಲ್ಲಿ ಬುತ್ತಿಯ ಗಂಟು, ಬಗಲಲ್ಲಿ ಶೇಂಗಾ ಸಿಪ್ಪೆಯ ಗಂಟು. ನಾನು ಪೇಟೆಯಲ್ಲಿ ಒಂದು ಕಿಲೋ ಪೇಢೆ ಕೊಂಡೆ. ಆಮೇಲೆ ಇಬ್ಬರೂ ತಗಡಿನ ಕೆಲಸದ ಖಾದರಸಾಬರ ಅಂಗಡಿಗೆ ಹೋದೆವು. ಹತ್ತಿ, ಮೆಣಸಿನಕಾಯಿ ಸುಗ್ಗಿಯ ಕಾಲ, ಬಜಾರಿನಲ್ಲಿ ಸೀನದೆ ನಡೆಯುವವರಿಲ್ಲ. ಖಾದರಸಾಬರು ಎಣ್ಣೆಯ ಹಳೇ ಡಬ್ಬಿಯೊಂದರ ಮೇಲ್ಭಾಗ ಕತ್ತರಿಸಿ, ಬುಡದ ಹತ್ತಿರ ಮುಷ್ಟಿ ಹಿಡಿಸುವಷ್ಟು ತೂತು ಮಾಡಿ, ಅಂಚುಗಳನ್ನು ಕೈ ಕೊಯ್ಯದಂತೆ ಮಡಿಚಿದರು.

"ಹಂಡೆ ನೆಲದಿಂದ ಎಷ್ಟ ಎತ್ತರ ಐತ್ರಿ ಅವ್ವಾರ?" ಎಂದು ಕೇಳಿದರು.

ಅಕ್ಕ ಮೊಣಕಾಲ ಹತ್ತಿರ ಕೈಯಿಟ್ಟು ತೋರಿಸಿದಳು. "ಇಷ್ಟು."

"ಬೀಗರ ಹಂಡೆ ಹೌದಲ್ರಿ?"

"ನಮ್ಮದು. ಹಂಡೆ ಅಂದ್ರ ಹಂಡೆ. ಅವರದೇನ ಅಟ್ಟದ ಮ್ಯಾಲ ಇರತೈತೇನು?"

ಖಾದರಸಾಬರು ನಕ್ಕರು. ಒಲೆ ತುಂಬುವ ಬಗೆಯನ್ನು ಅಂಗಡಿಯ ಮುಂದೆಯೇ ತೋರಿಸಿದೆವು, ಯಾಕೆಂದರೆ ಅಷ್ಟರಲ್ಲಿ ನಾಲ್ಕು ಜನ ಸೇರಿ ಇದೇನೆಂದು ಕೇಳತೊಡಗಿದ್ದರು. ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಬೇಕು, ಬುಡದ ತೂತಿನಿಂದ ಒಂದು ಬಡಿಗೆಯನ್ನು ಬಾಟಲಿಗೆ ತಾಗುವಂತೆ ತೂರಿಸಬೇಕು. ಸುತ್ತ ಹೊಟ್ಟು ಹಾಕಿ ಗಟ್ಟಿಯಾಗಿ ಜಡಿಯಬೇಕು. ಆಮೇಲೆ ಎರಡನ್ನೂ ಮೆಲ್ಲಗೆ ಎಳೆದರೆ ಒಳಗೆ ಗಾಳಿಯ ದಾರಿ ಉಳಿಯುತ್ತದೆ. ಕೆಳಗಿನಿಂದ ಕಡ್ಡಿ ತಾಗಿಸಿದರೆ ಆಯಿತು. "ಕಸಾ ಸುಡೂ ಡಬ್ಬಿಗೆ ಇಷ್ಟ ಉಪಚಾರ ಏನ್ರಿ!" ಎಂದ ಒಬ್ಬ ದಲಾಲಿ. ಅಕ್ಕ ಅವನ ಮುಖ ನೋಡಲಿಲ್ಲ.

ಮಧ್ಯಾಹ್ನದ ಸವದತ್ತಿ ಬಸ್ಸಿನಲ್ಲಿ ಒಲೆಗೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ಅಕ್ಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಹೊದಿಸಿ, ಮದುಮಗಳನ್ನು ಕಳಿಸಲು ಹೊರಟವಳಂತೆ ಬಿಗಿಯಾಗಿ ಕುಳಿತಿದ್ದಳು. ದಾರಿಯುದ್ದಕ್ಕೂ ಬಿಳಿಜೋಳ ತೆನೆ ಹೊತ್ತು ನಿಂತಿತ್ತು, ನಡುನಡುವೆ ಹಳದಿ ಕುಸುಬೆ. ಕಿಟಕಿಯಿಂದ ನುಗ್ಗುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಸವದತ್ತಿ ಬಂದಾಗ ಮೂರೂವರೆ.

ಅಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ಚಹಾ ಕುಡಿದೆವು. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಗುಂಪೊಂದು ನೆಲದ ಮೇಲೆ ಕುಳಿತು ಉಣ್ಣುತ್ತಿತ್ತು. ಅವರ ಸುತ್ತ ತೆಳ್ಳನೆಯ ಪ್ಲಾಸ್ಟಿಕ್ ಕಪ್ಪುಗಳು ಗಾಳಿಗೆ ಉರುಳಾಡುತ್ತಿದ್ದವು. ಒಬ್ಬ ಮುದುಕಿ ಮಾತ್ರ ತನ್ನ ಸಂಚಿಯಿಂದ ಹಿತ್ತಾಳೆಯ ಪುಟ್ಟ ಲೋಟ ತೆಗೆದು, "ಇದರಾಗ ಹಾಕು, ಆ ಹಾಳ್ಯಾಗ ಕುಡದ್ರ ಚಾ ನಾಲಿಗಿಗೆ ಹತ್ತೂದಿಲ್ಲ," ಎಂದು ಚಹಾದವನಿಗೆ ಗದರಿಸುತ್ತಿದ್ದಳು. ನನಗೆ ಅವಳನ್ನು ಹಾಗೇ ಎತ್ತಿಕೊಂಡು ರಾಮದುರ್ಗಕ್ಕೆ ಒಯ್ಯಬೇಕೆನಿಸಿತು.

ಆ ಸಂಜೆ ಮನೋಳಿಯಲ್ಲಿ ಇಳಿದೆವು. ಅಲ್ಲಿ ನನ್ನ ಜೊತೆ ಸಾಲೆ ಕಲಿತ ಶಾಂತವ್ವನ ಮನೆಯಿದೆ. ಮಲಪ್ರಭೆಯ ದಂಡೆಗೆ ಹತ್ತಿರ, ಹಿತ್ತಲಿನಿಂದ ನೀರು ಕಾಣುತ್ತದೆ. ಅವಳ ಗಂಡ ಹೊಲಕ್ಕೆ ಗೊಬ್ಬರ ಹೊಡೆಸಿ ಆಗಷ್ಟೇ ಬಂದಿದ್ದರು. ಅಂಗಳದ ಮುಳ್ಳುಬೇಲಿಯ ತುಂಬ ಹರಿದ ಪ್ಲಾಸ್ಟಿಕ್ ಚೀಲಗಳನ್ನು ಸಿಕ್ಕಿಸಿದ್ದರು. ಕೇಳಿದರೆ, "ತಿಪ್ಪ್ಯಾಗ ಬರಾಕತ್ತಾವ್ರಿ. ಕಸದ ಜೋಡಿ ಮನ್ಯಾಗಿನವ್ರ ಒಗೀತಾರ. ಹೊಲದಾಗ ಹೋಗಿ ಕುಂಟಿಗೆ ಸುತ್ತಕೊಂತಾವ. ಆರಿಸಿ ಆರಿಸಿ ನನ್ನ ಸೊಂಟಾ ಹೋತು," ಎಂದರು. ಅವರ ಅಜ್ಜನ ಕಾಲದಲ್ಲಿ ಆ ಮನೆಯಲ್ಲಿ ಕಸ ಎಂಬುದೇ ಇರಲಿಲ್ಲವಂತೆ. ಬೂದಿ, ಸಗಣಿ, ಕಾಯಿಪಲ್ಯದ ಸಿಪ್ಪೆ, ದನ ತಿಂದು ಬಿಟ್ಟ ದಂಟು ಎಲ್ಲವೂ ತಿಪ್ಪೆಗೆ ಹೋಗಿ ಮರುವರ್ಷ ಜೋಳವಾಗಿ ಬರುತ್ತಿತ್ತು. ಬೆಳೆಯಾಗದ ವಸ್ತು ಮನೆಗೆ ಬಂದದ್ದು ಇದೇ ಮೊದಲು ಎಂದು ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು.

ಒಲೆಯ ಪರೀಕ್ಷೆ ಅವರ ಹಿತ್ತಲಲ್ಲೇ ನಡೆಯಿತು. ಕಿತ್ತೂರಿನ ಹೊಟ್ಟು ರಾಮದುರ್ಗಕ್ಕೆ ಉಳಿಯಲೆಂದು ಅಕ್ಕ ಡಬ್ಬಿಗೆ ಬರೀ ಶೇಂಗಾ ಸಿಪ್ಪೆ ತುಂಬಿದಳು. ನಾನು ಕಡ್ಡಿ ಗೀರಿದೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ನಮ್ಮ ಒಲೆ ಸುಳ್ಳು ಮಾಡಿತು. ಒಂದು ಕಿಡಿ ಬೆಂಕಿಯಿಲ್ಲ, ಹೊಗೆ ಮಾತ್ರ ಹಿತ್ತಲು ದಾಟಿ, ಓಣಿ ದಾಟಿ, ನದಿಯ ಕಡೆ ಹೊರಟಿತು. ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗತೊಡಗಿತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಶಾಂತಕ್ಕಾ, ಬೀಗರು ಬಂದಾರೇನು, ಸೊಳ್ಳಿ ಓಡಸೂ ಮಂದಿ ಬಂದಾರೇನು?" ಎಂದಳು. ನಾನು ಕಣ್ಣೀರು ಒರೆಸಿಕೊಳ್ಳುತ್ತ ನಕ್ಕೆ, ಆದರೆ ಒಳಗೊಳಗೇ ಹೆದರಿದ್ದೆ. ಹೊಗೆ ಬಿಡಿಸಲು ಹೊರಟವರು ಹೊಗೆಯ ಡಬ್ಬಿ ಹೊತ್ತು ಬೀಗರ ಮನೆಗೆ ಹೋದರೆ ಮುಂದೆ ಏಳು ತಲೆಮಾರು ಆಡಿಕೊಳ್ಳುತ್ತಾರೆ.

ಮುಂಜಾನೆ ಶಾಂತವ್ವ ತಾನೇ ಕೈ ಹಚ್ಚಿದಳು. ಸಿಪ್ಪೆ ದೊಡ್ಡದಾದ್ದರಿಂದ ನಡುವೆ ಪೊಳ್ಳು ಉಳಿದು ಜಡಿತ ಕೂಡುತ್ತಿಲ್ಲ ಎಂಬುದು ಅವಳ ತರ್ಕ. ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ ನುಚ್ಚು ಮಾಡಿದಳು, ಬಿಸಿಲಿಗೆ ಹರವಿದಳು, ಅರ್ಧಕ್ಕರ್ಧ ಕಟ್ಟಿಗೆ ಹೊಟ್ಟು ಬೆರೆಸಿ ಮೂವರೂ ಪಾಳಿಯ ಮೇಲೆ ಜಡಿದೆವು. ಈ ಸಲ ಹೊತ್ತಿಸಿದಾಗ ಒಂದೆರಡು ಎಳೆ ಹೊಗೆ ಎದ್ದು ನಿಂತುಹೋಯಿತು. ಡಬ್ಬಿಯೊಳಗೆ ಕೆಂಡದ ಬಾವಿಯಂತೆ ಕೆಂಪಗೆ ಉರಿಯತೊಡಗಿತು. ಅದರ ಮೇಲೆ ಕಾಸಿದ ನೀರಿನಲ್ಲೇ ನಾವು ಜಳಕ ಮಾಡಿ, ಖಡಕ್ ರೊಟ್ಟಿ, ಎಣ್ಣೆಗಾಯಿ ತಿಂದು, ಹನ್ನೊಂದರ ಬಸ್ಸು ಹಿಡಿದೆವು. ಶಾಂತವ್ವ ಇನ್ನೊಂದು ಗಂಟು ಸಿಪ್ಪೆ ಕುಟ್ಟಿ ಕಟ್ಟಿಕೊಟ್ಟಿದ್ದಳು.

ರಾಮದುರ್ಗದಲ್ಲಿ ನೇಕಾರರ ಓಣಿ ಎಲ್ಲಿ ಎಂದು ಕೇಳಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಮಗ್ಗದ ಸದ್ದು ಹಿಡಿದು ಹೋದರೆ ಮನೆಗೇ ತಲುಪುತ್ತೇವೆ. ಅಳಿಯ ಮಲ್ಲಪ್ಪ ನೆಲದ ಕುಣಿಗೆ ಕಾಲು ಬಿಟ್ಟು ನೇಯುವ ಕುಣಿಮಗ್ಗದಿಂದ ಎದ್ದು ಬಂದು ಕೈಯಲ್ಲಿದ್ದದ್ದನ್ನೆಲ್ಲ ಇಸಿದುಕೊಂಡ. ಬೀಗತಿ ನಿಂಗವ್ವ ನೀರು ಕೊಟ್ಟು, "ಬರ್ರಿ ಗೌರಕ್ಕಾರ, ಬರ್ರಿ ಬಾಯಾರ. ಇದೇನ ಡಬ್ಬಿ ತಂದೀರಿ, ಎಣ್ಣಿ ತರೂದ ಮರತ್ರೇನು?" ಎಂದು ನಕ್ಕಳು. ಎತ್ತರದ, ಗಟ್ಟಿ ಕೈಯ ಹೆಂಗಸು. ಒಳಗಿನಿಂದ ಕೂಸು ಕೆಮ್ಮುವುದು ಕೇಳಿತು. ಅಷ್ಟು ಸಣ್ಣ ಎದೆಯಿಂದ ಅಷ್ಟು ಒರಟಾದ ಸದ್ದು ಬರುವುದನ್ನು ನಾನು ಕೇಳಿರಲಿಲ್ಲ. ಅಕ್ಕ ನೀರು ಕುಡಿಯದೆ ಒಳಗೆ ಹೋಗಿಬಿಟ್ಟಳು.

ಊಟವಾದ ಮೇಲೆ ನಿಂಗವ್ವ ನನಗೆ ಮನೆ ತೋರಿಸಿದಳು. ಹೇಳದೆ ಇರಲಾರೆ, ಅಷ್ಟು ಒಪ್ಪವಾದ ಮನೆ ನಾನು ಕಡಿಮೆ ನೋಡಿದ್ದೇನೆ. ಓಣಿಯ ಗಟಾರೆಲ್ಲ ಚೀಲ, ಕಪ್ಪು, ಹಾಳೆಗಳಿಂದ ತುಂಬಿ ಗಬ್ಬೆದ್ದಿದ್ದರೆ ಅವಳ ಮನೆಯ ಮುಂದಿನ ಮಾರು ಜಾಗ ಮಾತ್ರ ಸಾರಿಸಿ ರಂಗೋಲಿ ಹಾಕಿದಂತಿತ್ತು. "ನೋಡ್ರಿ ಬಾಯಾರ, ಈ ಮನಿಗೆ ಬಂದಾಗಿಂದ ಒಂದ ಎಳಿ ಕಸಾ ಹೊರಗ ಒಗದಾಕಿ ಅಲ್ಲ ನಾನು. ಮುಸರಿ ಎಮ್ಮಿಗೆ, ಬೂದಿ ಭಾಂಡೆ ತಿಕ್ಕಾಕ, ಉಳದದ್ದು ಹಂಡೆ ಬುಡಕ. ಮಂದಿ ಗಟಾರಕ್ಕ ಒಗದು ಸೊಳ್ಳಿ ಬೆಳಸ್ತಾರ. ನಾ ಅದರಾಗ ನೀರ ಕಾಸ್ತೇನಿ," ಎಂದಳು. ನಾವು ಅವಳಿಗೆ ಶುಚಿ ಕಲಿಸಲು ಬಂದಿದ್ದೆವಲ್ಲ! ಆ ಓಣಿಯಲ್ಲಿ ಕಸದ ಬಗ್ಗೆ ಯೋಚಿಸುವವಳು ಅವಳೊಬ್ಬಳೇ ಎಂದು ಗೊತ್ತಾಗಿ ನನ್ನ ಅರ್ಧ ಮಾತು ಗಂಟಲಲ್ಲೇ ಉಳಿಯಿತು.

ಉಳಿದರ್ಧವನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಆಡಿದೆ. "ಕೂಸಿಗೆ ಹೊಗಿ ತ್ರಾಸ ಆಗತೈತೇನೋ ಅನಸ್ತೈತ್ರಿ."

"ಹೊಗಿ? ಹೊಗಿ ಕೂಸಿಗೆ ಛಲೋ! ಎರದ ಮ್ಯಾಲ ಲೋಬಾನದ ಹೊಗಿ ಹಾಕೂದಿಲ್ಲೇನು? ಅಜವಾನದ ಹೊಗಿ ಹಾಕೂದಿಲ್ಲೇನು? ಮಲ್ಲ್ಯಾಗ ನಾ ಹೊಗ್ಯಾಗ ಎರದ ಬೆಳಿಸಿದ್ನಿ, ಈಗ ನೋಡ್ರಿ, ಗೂಳಿ ಆಗ್ಯಾನ." ಇಷ್ಟು ಹೇಳಿ ಅವಳೇ ಕೆಮ್ಮಿದಳು. ಕೂಸಿಗೆ ಹೊಗೆ ಹಿಡಿಯುವುದು ನಮ್ಮ ಮನೆಗಳಲ್ಲೂ ಇದೆ. ಲೋಬಾನಕ್ಕೂ ಕ್ಯಾರಿಬ್ಯಾಗಿಗೂ ಹೊಗೆಯ ಬಣ್ಣ ಬೇರೆ ಎಂದು ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅಕ್ಕ ಬಾಗಿಲಲ್ಲಿ ನಿಂತು ನೇರ ಹೇಳಿಬಿಟ್ಟಳು.

"ನಿಂಗಕ್ಕಾರ, ಹಂಗಾರ ಸುಮಿನ್ನ, ಕೂಸಿನ್ನ ನಾಕ ತಿಂಗಳ ನಮ್ಮ ಜೋಡಿ ಕಳಸ್ರಿ."

ಹೊರಗೆ ಮಗ್ಗ ನಿಂತಿತು. ನಿಂಗವ್ವನ ಮುಖ ಕೆಂಪಾಯಿತು. "ನಮ್ಮ ಮನ್ಯಾಗ ಕೂಸಿನ್ನ ನೋಡಾವ್ರ ಇಲ್ಲಂತೇನು?" ಎಂದಳು. ಸುಮಿ ಒಳಗೆ ನೂಲು ಸುತ್ತುವ ಚರಕ ಬಿಟ್ಟು ಎದ್ದು ನಿಂತಿದ್ದಳು, ಯಾರ ಕಡೆಗೂ ನೋಡುತ್ತಿರಲಿಲ್ಲ. ನಾನು ಗಾಬರಿಯಿಂದ ನಡುವೆ ಬಾಯಿ ಹಾಕಿದೆ. "ಅದನ್ನ ನಾಳೆ ನೋಡೂನ್ರಿ. ಮೊದಲ ತವರಮನಿ ಕಾಣಿಕಿ ನೋಡ್ರಿ. ಕೂಸಿನ ಜಳಕಕ್ಕ ಒಲಿ ತಂದೇವಿ. ನಾಳೆ ಒಂದ ದಿನಾ ಇದರಾಗ ನೀರ ಕಾಸಿ ಎರೀರಿ." ತವರಿನ ಕಾಣಿಕೆಯನ್ನು ಒದೆಯುವ ಧೈರ್ಯ ಯಾವ ಬೀಗತಿಗೂ ಇಲ್ಲ. ಅವಳು "ಹೂಂ" ಎಂದಳು, ಅಷ್ಟೇ. ಆ ಸಂಜೆ ನಾನು ತಂದ ಪೇಢೆ ಎಲ್ಲರೂ ಒಂದೊಂದು ತಿಂದರು.

ಬೆಳಿಗ್ಗೆ ಬಚ್ಚಲಿಗೆ ಹೋದರೆ ಒಲೆ ಹಂಡೆಯ ಕೆಳಗೆ ಹಿಡಿಯಲಿಲ್ಲ. ಅವರ ತಾಮ್ರದ ಹಂಡೆ ಗಿಡ್ಡ ಕಲ್ಲುಗಳ ಮೇಲೆ ಕೂತಿತ್ತು. ಡಬ್ಬಿ ಆ ಕಲ್ಲುಗಳಿಗಿಂತ ಒಂದು ಗೇಣು ಎತ್ತರವಾಗಿತ್ತು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಖಾದರಸಾಬರು ಬೈಲಹೊಂಗಲದಲ್ಲಿ ಕುಳಿತೇ ನಕ್ಕಂತಾಯಿತು. ಮಲ್ಲಪ್ಪ ಹಿತ್ತಲಿನಿಂದ ಇಟ್ಟಿಗೆ ತಂದ. "ಅವ್ವಾ, ಹಂಡೆ ಎತ್ತಿ ಏರಸ್ಲೇನು?"

"ನಾ ಈ ಮನಿಗೆ ಬಂದಾಗಿಂದ ಅದು ಅಲ್ಲೇ ಐತಿ," ಎಂದಳು ನಿಂಗವ್ವ. ಆಗ ಕೂಸು ಕೆಮ್ಮಿತು. ಅವಳು ಬಚ್ಚಲ ಗೋಡೆಗೆ ಹತ್ತಿದ್ದ ಜಿಗುಟು ಮಸಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಸೀರೆಗೆ ಒರೆಸಿಕೊಳ್ಳಲು ಹೋಗಿ, ಒರೆಸದೆ ನಿಂತಳು. "ಏರಸು," ಎಂದಳು.

ಹಂಡೆ ಏರಿತು. ಒಲೆ ಹೊತ್ತಿತು. ಎರಡು ಎಳೆ ಹೊಗೆ ಬಂದು ನಿಂತಾಗ ನನ್ನ ಜೀವಕ್ಕೆ ಜೀವ ಬಂತು. ನಿಂಗವ್ವ ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಸುರಿದು ಸುರಿದು ಎರೆದಳು. ಆ ಕೈಗಳಲ್ಲಿ ಎಂಥ ಕಾಳಜಿಯಿತ್ತೆಂದರೆ ಹಿಂದಿನ ದಿನ ಅವಳ ಬಗ್ಗೆ ಅಂದುಕೊಂಡದ್ದಕ್ಕೆ ನನಗೆ ಕೆಡುಕೆನಿಸಿತು. ಕೂಸು ಜಳಕದುದ್ದಕ್ಕೂ ಕೆಮ್ಮಲಿಲ್ಲ, ಬಾಯಿ ತೆರೆದು ಅತ್ತಿತು. ಅಳು ಇಷ್ಟು ಇಂಪಾಗಿ ಕೇಳಿದ್ದು ಆ ಮನೆಯಲ್ಲೇ.

ನಾವು ಗೆದ್ದೆವು ಎಂದುಕೊಂಡು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ನಿಂಗವ್ವ ಒಂದು ಬುಟ್ಟಿ ತಂದು ನಮ್ಮ ಮುಂದೆ ಬೋರಲು ಹಾಕಿದಳು. ಪ್ಲಾಸ್ಟಿಕ್ ಚೀಲಗಳು. "ನೀರೇನೋ ಕಾದೂ ಖರೆ. ಇವನ್ನ ನಿಮ್ಮ ಒಲಿ ತಿಂತೈತೇನು?"

"ತಿನ್ನೂದಿಲ್ರಿ. ಹಾಕಿದ್ರ ಅದ ಹೊಗಿ," ಎಂದೆ.

"ಮತ್ತ ಇವನ್ನೇನ ಮಾಡ್ಲಿ? ಗಟಾರಕ್ಕ ಒಗೀಲೇನು? ನಾ ಒಗಿಯೂದಿಲ್ಲ."

ಹೊಟ್ಟು, ಸಿಪ್ಪೆ, ಡಬ್ಬಿ ಎಂದು ಮೂರು ಊರು ತಿರುಗಿದ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೇಲಿಗೆ ಸಿಕ್ಕಿಸಿದರೆ ಬೇಲಿಯಲ್ಲಿರುತ್ತವೆ, ತಿಪ್ಪೆಗೆ ಹಾಕಿದರೆ ಕುಂಟೆಗೆ ಸುತ್ತುತ್ತವೆ. ನಿಂಗವ್ವ ನೆಲಕ್ಕೆ ಕುಳಿತು ಒಂದೊಂದನ್ನೇ ಎತ್ತಿ ಆಚೆ ಇಟ್ಟಳು. ಇದು ಸಕ್ಕರೆ ಬಂದದ್ದು. ಇದು ತೊಗರಿಬೇಳೆ. ಇದು ಮಗ್ಗದ ಸಾಹುಕಾರನ ನೂಲು. ಆಮೇಲೆ ಒಂದು ಗುಲಾಬಿ ಬಣ್ಣದ ಚೀಲ ಎತ್ತಿ ಹಿಡಿದಳು. "ಇದು?"

ನಮ್ಮ ಪೇಢೆಯ ಚೀಲ. ಬೈಲಹೊಂಗಲದಲ್ಲಿ ನಾನೇ ಕೈಯಾರೆ ಇಸಿದುಕೊಂಡದ್ದು. ಸುಮಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು, ಆಮೇಲೆ ಮಲ್ಲಪ್ಪ ನಕ್ಕ, ಕೊನೆಗೆ ನಾನೂ ನಗಲೇಬೇಕಾಯಿತು. ಆದರೆ ನಿಂಗವ್ವ ನಗದೆ ಗುಡ್ಡೆಯನ್ನೇ ನೋಡುತ್ತಿದ್ದಳು.

"ಇದರಾಗ ನನ್ನ ಮನಿ ಕಸಾ ಯಾವುದೂ ಇಲ್ಲಲ್ಲ," ಎಂದಳು ಮೆಲ್ಲಗೆ. "ಎಲ್ಲಾ ಮಂದಿ ಕಸಾ. ಅಂಗಡಿಯವನದು, ಸಾಹುಕಾರನದು, ಬೀಗರದು. ಮಂದಿ ಕಸಾ ನಾ ಯಾಕ ಸುಡ್ಲಿ? ನನ್ನ ಮನಿಯಿಂದ ಕಸಾ ಹೊರಗ ಹೋಗೂದಿಲ್ಲ ಅಂತ ಜಂಬಾ ಮಾಡ್ತಿದ್ನಿ. ಒಳಗ ಯಾಕ ಬಿಡಬೇಕು?" ಗುಲಾಬಿ ಚೀಲವನ್ನು ನೀಟಾಗಿ ಮಡಿಚಿ ನನ್ನ ಕೈಗೆ ಕೊಟ್ಟಳು. "ಇದು ನಿಮ್ಮದು ಬಾಯಾರ. ಸಿಟ್ಟಾಗಬ್ಯಾಡ್ರಿ, ಒಯ್ಯರಿ."

ಸಿಟ್ಟು ಎಲ್ಲಿಯದು! ನಾನು ಎರಡೂ ಕೈಯಿಂದ ಇಸಿದುಕೊಂಡೆ.

ಆಮೇಲಿನ ದಿನವಿಡೀ ಮೋಜು. ನಿಂಗವ್ವ ಸ್ಟೀಲಿನ ಡಬ್ಬಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಕಿರಾಣಿ ಅಂಗಡಿಗೆ ಹೊರಟಳು, ನನ್ನನ್ನು ಸಾಕ್ಷಿಗೆ ಕರೆದೊಯ್ದಳು. ಅಂಗಡಿಯವನು ಅಭ್ಯಾಸದಂತೆ ಚೀಲ ಊದಿ ಬೇಳೆ ಸುರಿಯಹೋದ. "ನಿನ್ನ ಕಸಾ ನಿನ್ನ ಕಡೇನ ಇಟಗೋಪಾ, ನನಗ ಬ್ಯಾಳಿ ಅಷ್ಟ ಕೊಡು," ಎಂದಳು. ಅವನು "ಎಲ್ಲಾರೂ ಹಿಂಗ ಡಬ್ಬಿ ತಂದ್ರ ತೂಗೂದು ಹೆಂಗವ್ವಾ?" ಎಂದರೆ, "ನಿಮ್ಮಪ್ಪ ಹೆಂಗ ತೂಗತಿದ್ದ, ಹಂಗ," ಎಂದು ಬಾಯಿ ಮುಚ್ಚಿಸಿದಳು. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ತಮ್ಮ ಕೈಯ ಚೀಲಗಳನ್ನು ಒಮ್ಮೆ ನೋಡಿಕೊಂಡರು. ನಾನು ಪಕ್ಕದ ಮನೆಯ ಹೊಲಿಗೆ ಮಷಿನ್ ಇಸಿದುಕೊಂಡು, ಮಗ್ಗದಲ್ಲಿ ಉಳಿದ ಸೀರೆಯ ತುಂಡುಗಳಿಂದ ಬೇಳೆಗೊಂದು, ಬೆಲ್ಲಕ್ಕೊಂದು ಸಂಚಿ ಹೊಲಿದೆ. ಕೆಂಪು ಸೆರಗಿನ ಸಂಚಿ ಮೆಣಸಿನಕಾಯಿಗೆಂದು ನಿಂಗವ್ವನೇ ಆರಿಸಿದಳು. ಬುಟ್ಟಿಯಲ್ಲಿದ್ದ ಹಳೆಯ ಚೀಲಗಳನ್ನು ಮಲ್ಲಪ್ಪ ಒಂದು ಗಟ್ಟಿ ಬಟ್ಟೆಯ ಗವಸಿಗೆ ತುಂಬಿ, ಬಾಯಿ ಹೊಲಿಸಿ, ಮಗ್ಗದ ಕುಣಿಯ ಅಂಚಿಗೆ ಕೂರುವ ಗಾದಿ ಮಾಡಿಕೊಂಡ. "ನೆಲದ ಥಂಡಿ ಏರೂದಿಲ್ಲ ಈಗ," ಎಂದು ಅದರ ಮೇಲೆ ಕುಳಿತು ಲಾಳಿ ಹೊಡೆದು ತೋರಿಸಿದ. ಎಣ್ಣೆಗಿರಣಿಯವನು ಶೇಂಗಾ ಸಿಪ್ಪೆ ಪುಕ್ಕಟೆ ಕೊಡುತ್ತಾನೆಂದೂ, ಕೇಳಿಕೊಂಡು ಬರುವುದಾಗಿಯೂ ಅವನೇ ಹೇಳಿದ.

ಇನ್ನೂ ಒಂದು ರಾತ್ರಿ ಇದ್ದು, ಮರುದಿನ ಎರಡನೆಯ ಜಳಕವನ್ನೂ ನೋಡಿ ಹೊರಟೆವು. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಅಷ್ಟು ಬೇಗ ಹೋಗುವಂಥದೂ ಅಲ್ಲ. ಆದರೆ ಹಿಂದಿನ ರಾತ್ರಿ ಕೂಸು ಎದ್ದಿರಲಿಲ್ಲ ಎಂದು ಸುಮಿ ಹೇಳಿದಳು. ಹೇಳುವಾಗ ಅವಳ ಮುಖ ಹಗುರಾಗಿತ್ತು. ಬಸ್ ಸ್ಟ್ಯಾಂಡಿಗೆ ಬಂದು ಬೀಳ್ಕೊಟ್ಟವರು ಮಲ್ಲಪ್ಪ ಮತ್ತು ನಿಂಗವ್ವ. ಸುಮಿ ಬರಲಿಲ್ಲ, ಕಂಡಿಕೆ ತುಂಬುವುದಿತ್ತು. ಕಳಿಸಿ ಎಂಬ ಮಾತನ್ನು ಅಕ್ಕ ಮತ್ತೆ ಎತ್ತಿರಲಿಲ್ಲ, ಎತ್ತುವ ಕಾರಣವೂ ಉಳಿದಿರಲಿಲ್ಲ. "ಯುಗಾದಿಗೆ ನಾನ ಕೂಸಿನ್ನ ಕರಕೊಂಡ ಬರತೇನ್ರಿ ಗೌರಕ್ಕಾರ," ಎಂದು ನಿಂಗವ್ವ ಅಕ್ಕನ ಕೈ ಹಿಡಿದಳು. ಬಸ್ಸು ಹೊರಟಿತು.

ನನಗೆ ಹಾಡು ಬರುತ್ತಿದ್ದರೆ ಹಾಡುತ್ತಿದ್ದೆ. ಹೊಟ್ಟಿನ ಚೀಲವಿಲ್ಲ, ಡಬ್ಬಿಯಿಲ್ಲ, ಇಬ್ಬರಿಗೂ ಸೀಟು ಸಿಕ್ಕಿತ್ತು. ಊರು ದಾಟಿ ಜೋಳದ ಹೊಲಗಳು ಶುರುವಾದಾಗ ಏನೋ ತಮಾಷೆ ಹೇಳಲು ಅಕ್ಕನ ಕಡೆ ತಿರುಗಿದೆ. ಅವಳು ಸದ್ದಿಲ್ಲದೆ ಅಳುತ್ತಿದ್ದಳು.

"ಯಾಕವಾ ಯಕ್ಕಾ? ಎಲ್ಲಾ ಛಲೋನ ಆತಲ್ಲ!"

"ಆತು. ಅದಕ್ಕ." ಸೆರಗಿನಿಂದ ಮುಖ ಒರೆಸಿಕೊಂಡಳು. "ಸರೂ, ನಿನಗೊಬ್ಬಾಕಿಗೆ ಹೇಳ್ತೇನಿ. ನಿನ್ನೆ ನೀ ಕಡ್ಡಿ ಕೊರಿಯೂ ಮುಂದ, ಈ ಒಲಿ ಹೊತ್ತಬಾರದು ಅಂತ ದೇವರಿಗೆ ಬೇಡಿಕೊಂಡ್ನಿ. ಹೊತ್ತಲಿಲ್ಲಂದ್ರ ಮಗಳು, ಕೂಸು ನನ್ನ ಜೋಡಿ ಬರತಿದ್ರು. ನಾನ ಹೊತ್ತುಕೊಂಡ ಒಯ್ದ ಒಲಿ, ನಾನ ಹಂಗ ಬೇಡಿಕೊಂಡ್ನಿ ನೋಡು. ಎಂಥಾ ತಾಯಿ ನಾನು!"

ನನಗೆ ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಮುಂದಿನ ಊರಿನಲ್ಲಿ ಬಸ್ಸು ನಿಂತಾಗ ಕಿಟಕಿಯಲ್ಲಿ ಹುರಿದ ಶೇಂಗಾ ಮಾರುವವಳು ಬಂದಳು. ಎರಡು ಪಾವು ಕೊಂಡು ಅಕ್ಕನ ಉಡಿಗೆ ಸುರಿದೆ. ಇಬ್ಬರೂ ಸುಲಿದು ತಿನ್ನತೊಡಗಿದೆವು. ಬಸ್ಸು ಹೊರಟು ಗಾಳಿ ಬೀಸಿದಾಗ ನಾನು ಒಂದು ಮುಷ್ಟಿ ಸಿಪ್ಪೆಯನ್ನು ಕಿಟಕಿಯ ಹೊರಗೆ ಎಸೆಯಲು ಕೈ ಎತ್ತಿದೆ. ಅಕ್ಕ ನನ್ನ ಕೈ ಹಿಡಿದು, ಬೆರಳು ಬಿಡಿಸಿ, ಅದನ್ನೂ ತನ್ನ ಸೆರಗಿಗೆ ಹಾಕಿಕೊಂಡಳು.

"ಚೆಲ್ಲಬ್ಯಾಡ. ಆ ಕಡೆ ಹೋಗೂ ಮಂದಿ ಕೈಯಾಗ ಕಳಸೂನು," ಎಂದಳು. "ಕೂಸಿಗೆ ನೀರ ಕಾಸಾಕ ಆಗತಾವ."